ಬಾಯಲ್ಲಿ ಗುಂಡುಸೂಜಿ

ನನ್ನ ತಂಗಿಯ ಬಗ್ಗೆ ತೆಗೆದ ಸಾಕ್ಷ್ಯಚಿತ್ರಕ್ಕೆ ಬಂದ ಮೊದಲ ವಿಮರ್ಶೆಯನ್ನು ನಾನು ಓದಿದ್ದು ನಮ್ಮ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತುಕೊಂಡು. ಯಾರದೋ ಕೋಟಿನ ತೋಳನ್ನು ಅರ್ಧ ಕತ್ತರಿಸಿ ಬಿಟ್ಟಿದ್ದೆ. ಓದುತ್ತ ಓದುತ್ತ ಸಿಟ್ಟು ನೆತ್ತಿಗೇರಿತು. ಕತ್ತರಿ ಇನ್ನೂ ನನ್ನ ಕೈಯಲ್ಲೇ ಇರುವುದನ್ನು ಕಂಡು ತಂಗಿ ಮೆಲ್ಲಗೆ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಗಟ್ಟಿಯಾಗಿ ಓದೇ ಅಕ್ಕ, ನಾನೂ ಕೇಳಿಸ್ಕೊಳ್ತೀನಿ," ಅಂದಳು.

ಬರೆದವರು ದೊಡ್ಡ ವಿಮರ್ಶಕರು. ಅಂಕಣದ ಮೇಲೆ ಪ್ರತಿ ವಾರ ತಮ್ಮ ಗಡ್ಡದ ಚಿತ್ರ ಹಾಕಿಸಿಕೊಳ್ಳುವವರು. ಅವರ ಮಾತು ಹೀಗಿತ್ತು: 'ಸಚಿವರನ್ನು ನೀವು ಪ್ರೀತಿಸಿದ್ದಿರಾ ಎಂದು ಕೇಳಿದಾಗ ಆಕೆ ಉತ್ತರಿಸುವುದಿಲ್ಲ. ತುಟಿ ಬಿಗಿದು, ಕಣ್ಣು ಕೆಳಗಿಳಿಸಿ, ಕೈಕೆಲಸ ಮುಂದುವರಿಸುತ್ತಾಳೆ. ಒಂದು ಇಡೀ ಕಾಲದ ಹೆಣ್ಣುಮಕ್ಕಳ ನೋವು ಆ ದೀರ್ಘ ಮೌನದಲ್ಲಿ ಮಡುಗಟ್ಟಿ ನಿಂತಿದೆ. ನಾನು ಕಣ್ಣೊರೆಸಿಕೊಂಡೆ.'

ತಂಗಿ, "ಪಾಪ, ಒಳ್ಳೆ ಮನುಷ್ಯ," ಅಂದಳು.

"ಏನು ಒಳ್ಳೆ ಮನುಷ್ಯ! ನಿನ್ನ ಬಾಯಲ್ಲಿ ಗುಂಡುಸೂಜಿ ಇತ್ತಲ್ಲೇ!"

ಇದ್ದದ್ದೇ ಹಾಗೆ. ಹೊಲಿಗೆ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ಸ್ಕರ್ಟಿನ ಅಂಚು ಮಡಚುವಾಗ ಗಿರಾಕಿ ಸ್ಟೂಲಿನ ಮೇಲೆ ನಿಲ್ಲುತ್ತಾಳೆ, ನಾವು ನೆಲಕ್ಕೆ ಮಂಡಿಯೂರಿ ಅವಳನ್ನು ಸುತ್ತುತ್ತೇವೆ. ಒಂದು ಕೈ ಮಡಿಕೆ ಹಿಡಿದಿರುತ್ತದೆ, ಇನ್ನೊಂದು ಕೈ ಗುಂಡುಸೂಜಿ ಚುಚ್ಚುತ್ತದೆ. ಮಿಕ್ಕ ಸೂಜಿ ಹಿಡಿಯಲು ದೇವರು ಮೂರನೇ ಕೈ ಕೊಟ್ಟಿಲ್ಲ. ಅದಕ್ಕೆ ತುಟಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತೇವೆ. ಬಾಯಲ್ಲಿ ಸೂಜಿ ಇರುವಾಗ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಸೂಜಿ ಉಗುಳು, ಆಮೇಲೆ ಕೂಗು. ಇದು ನಮ್ಮಮ್ಮ ಹಾಕಿದ ಕಾನೂನು. ಈ ಅಂಗಡಿ ಅಮ್ಮನದು, ಹೊಲಿಗೆ ನಮಗಿಬ್ಬರಿಗೂ ಕಲಿಸಿದವಳು ಅವಳೇ.

ಸಾಕ್ಷ್ಯಚಿತ್ರದ ನಿರ್ದೇಶಕಿಯನ್ನು ನಾವು ಉದ್ದನೆ ಹುಡುಗಿ ಅನ್ನುತ್ತಿದ್ದೆವು, ನಮ್ಮ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾಗಿತ್ತು ಅವಳು. ಆವತ್ತು ಶಾಲೆಯ ಮುಖ್ಯೋಪಾಧ್ಯಾಯಿನಿ ಸ್ಟೂಲಿನ ಮೇಲಿದ್ದರು, ತಂಗಿ ಅವರ ಕಾಲ ಬುಡದಲ್ಲಿದ್ದಳು. ಉದ್ದನೆ ಹುಡುಗಿ ಕ್ಯಾಮರಾ ಹಿಂದಿನಿಂದ ಆ ಪ್ರಶ್ನೆ ಕೇಳಿಬಿಟ್ಟಳು. ಕ್ಯಾಮರಾ ಇದ್ದದ್ದು ಎಡಕ್ಕೆ, ಸೂಜಿ ಇದ್ದದ್ದು ಬಲ ತುಟಿಯಲ್ಲಿ. ತಂಗಿ ಒಂದೊಂದಾಗಿ ಸೂಜಿಯನ್ನೆಲ್ಲ ಅಂಚಿಗೆ ಚುಚ್ಚಿ ಮುಗಿಸಿ, ತುಟಿ ಒರೆಸಿಕೊಂಡು, ಸ್ಪಷ್ಟವಾಗಿ ಉತ್ತರ ಹೇಳಿದಳು. ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡಿದ್ದೇನೆ. ಚಿತ್ರ ತೆರೆಗೆ ಬಂದಾಗ ನೋಡಿದರೆ ಆ ಮೌನ ಪೂರ್ತಿ ಇದೆ, ಉತ್ತರ ಮಾತ್ರ ಮಾಯ.

ಮುಂದಿನ ವಾರಗಳಲ್ಲಿ ವಿಮರ್ಶೆಗಳು ಒಂದರ ಹಿಂದೆ ಒಂದು ಬಂದವು. ವಾರಪತ್ರಿಕೆಯ ಒಬ್ಬಾಕೆ 'ಉತ್ತರಿಸದೆಯೇ ಉತ್ತರಿಸಿದ್ದಾಳೆ' ಎಂದು ಬರೆದಳು. ರೇಡಿಯೋದವನು ಅದು ಪಶ್ಚಾತ್ತಾಪದ ಮೌನ ಅಂದ. ಇನ್ನೊಬ್ಬ, ಅಲ್ಲ, ಅದು ಪ್ರತಿಭಟನೆಯ ಮೌನ ಎಂದು ಅವನ ಮೇಲೆ ಬಿದ್ದ. ಇಬ್ಬರೂ ಎರಡು ವಾರ ಕಿತ್ತಾಡಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಇವರ ನಡುವೆ ಒಬ್ಬನೇ ಒಬ್ಬ ಪುಣ್ಯಾತ್ಮ, 'ಆ ದೃಶ್ಯ ಬಹಳ ಉದ್ದವಾಯಿತು, ನನಗೆ ತೂಕಡಿಕೆ ಬಂತು' ಎಂದು ಬರೆದಿದ್ದ. ಅವನ ಮೇಲೆ ನನಗೆ ಪ್ರೀತಿ ಉಕ್ಕಿತು. ಸಿಕ್ಕಿದ್ದರೆ ಅವನಿಗೊಂದು ಶರ್ಟು ಹೊಲಿದುಕೊಡುತ್ತಿದ್ದೆ.

ವಿಮರ್ಶೆ ಹೊಗಳಿಕೆಯದೇ. ಅಂಗಡಿಗೆ ಗಿರಾಕಿಗಳೂ ಹೆಚ್ಚಿದರು. ಸುಮ್ಮನೆ ತಂಗಿಯ ಮುಖ ನೋಡಲು ಹರಿಯದ ಪ್ಯಾಂಟು ತಂದುಕೊಟ್ಟವರೂ ಇದ್ದರು. ಆದರೆ ತಂಗಿ ಚಿತ್ರಕ್ಕೆ ಒಪ್ಪಿದ್ದು ಹೊಗಳಿಕೆಗಲ್ಲ. ಅವಳಿಗೆ ಬೇಕಾದದ್ದು ಒಂದೇ: ಅಮ್ಮ ತನ್ನನ್ನು ಕ್ಷಮಿಸುವುದನ್ನು ನಿಲ್ಲಿಸಬೇಕು.

ಇದನ್ನೂ ಬಿಡಿಸಿ ಹೇಳಬೇಕು. ತಂಗಿ ಹರೆಯದಲ್ಲಿ ಸಚಿವರೊಬ್ಬರ ಕಚೇರಿಯಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದಳು. ಅವರು ಮಾತಾಡಿದ್ದನ್ನು ಗೆರೆಗಳಲ್ಲಿ ಬರೆದುಕೊಂಡು ಟೈಪು ಮಾಡುವ ಕೆಲಸ. ಒಂದು ದೊಡ್ಡ ಗುತ್ತಿಗೆಯ ಗುಟ್ಟು ಹೊರಗೆ ಹೋಯಿತು. ಅದೇ ವಾರ ಪತ್ರಿಕೆಯೊಂದರ ಮುಖಪುಟದಲ್ಲಿ ಒಂದು ಫೋಟೋ ಬಂತು: ಸಚಿವರು ನಿಂತಿದ್ದಾರೆ, ನನ್ನ ತಂಗಿಯ ಮುಖ ಅವರ ಎದೆಗೆ ಒತ್ತಿಕೊಂಡಿದೆ. 'ಫೈಲು ಸುಂದರಿ' ಅಂತ ಕೊಟ್ಟಿದ್ದರು ಶೀರ್ಷಿಕೆ, ಗುಟ್ಟು ಕದ್ದವಳು ಇವಳೇ ಅನ್ನುವ ಹಾಗೆ. ಸರ್ಕಾರ ಬಿತ್ತು. ತಂಗಿಯ ಕೆಲಸ ಹೋಯಿತು. ಆಮೇಲೆ ವಿಚಾರಣೆ ನಡೆದು, ಗುಟ್ಟು ಮಾರಿದವನು ಸಚಿವರ ಬಾಮೈದ ಅಂತ ಸಾಬೀತಾಯಿತು. ಅದು ಬಂದದ್ದು ಒಳಪುಟದಲ್ಲಿ, ಹವಾಮಾನದ ಕೆಳಗೆ. ಬಾಮೈದನನ್ನು ಜನ ಮರೆತರು, ಫೋಟೋ ಮಾತ್ರ ಮರೆಯಲಿಲ್ಲ.

ಅಮ್ಮ ಪತ್ರಿಕೆ ಕಂಡ ದಿನ ಅದನ್ನು ಮಡಚಿ ಒಲೆಗೆ ಹಾಕಿದಳು. ಅಚ್ಚಾದ ಮಾತು, ಮೈಕಿನಲ್ಲಿ ಹೇಳಿದ ಮಾತು ಸುಳ್ಳಾಗುವುದಿಲ್ಲ ಎಂದು ನಂಬಿದ ಕಾಲದವಳು ಅವಳು. ತಂಗಿ ಪೆಟ್ಟಿಗೆ ಹಿಡಿದು ಮನೆಗೆ ಬಂದಾಗ ಅಮ್ಮ ಬಯ್ಯಲಿಲ್ಲ, ಅಳಲಿಲ್ಲ. ತಲೆ ಸವರಿ, "ಇರ್ಲಿ ಬಿಡು ಮಗಾ," ಅಂದಳು. ತಂಗಿ ಬಾಯಿ ತೆರೆದಳು. "ಇರ್ಲಿ ಬಿಡು ಅಂದೆನಲ್ಲ, ಆ ಮಾತು ಬೇಡ," ಅಂದು ಅಮ್ಮ ಹೊಲಿಗೆ ಯಂತ್ರ ತುಳಿಯಲು ಶುರುಮಾಡಿದಳು. ಆವತ್ತಿಂದ, ಆ ವಿಷಯ ಎತ್ತಿದರೆ ಸಾಕು, ಅಮ್ಮನ ಕಾಲು ಪೆಡಲಿಗೆ ಹೋಗುತ್ತಿತ್ತು. ಆ ಕಟಕಟ ಸದ್ದಿನಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ನಾನು ಎಷ್ಟೋ ಸಲ ಪ್ರಯತ್ನಿಸಿ ಕೈಬಿಟ್ಟೆ.

ಕ್ಷಮೆ ಒಂದು ಸಲ ಆದರೆ ಸರಿ. ಅಮ್ಮನದು ದಿನಚರಿ. ನಾನು ಸೂಪಿಗೆ ಉಪ್ಪು ಹೆಚ್ಚು ಹಾಕಿದರೆ, "ಕಣ್ಣು ಹಣೆ ಮೇಲಿದ್ಯಾ ಕತ್ತೆ?" ತಂಗಿ ಹಾಕಿದರೆ, "ಇರ್ಲಿ ಬಿಡು ಮಗಾ, ತಪ್ಪು ಮಾಡ್ದೆ ಇರೋರು ಯಾರಿದ್ದಾರೆ." ನಾನು ಗಿರಾಕಿಯ ಕಾಲರು ಸುಟ್ಟರೆ ಮನೆ ಹಾರಿಹೋಗುವ ಹಾಗೆ ಕೂಗು, ತಂಗಿ ಇಡೀ ಅಂಗಿಯನ್ನೇ ಇಸ್ತ್ರಿಯಲ್ಲಿ ಕಂದು ಮಾಡಿದಾಗ ಅದೇ ಮೆತ್ತನೆಯ ದನಿ, ಅದೇ ಕೈ ತಲೆಯ ಮೇಲೆ. ಮೂವತ್ತು ವರ್ಷಗಳಿಂದ ನನ್ನ ತಂಗಿಗೆ ಈ ಮನೆಯಲ್ಲಿ ಒಂದು ಬೈಗುಳ ಸಿಕ್ಕಿರಲಿಲ್ಲ.

"ನಿನಗೆ ಬೈತಾಳಲ್ಲ ಅಕ್ಕ, ಆಗ ಹೊಟ್ಟೆ ಉರಿಯುತ್ತೆ ನಂಗೆ," ಅಂದಿದ್ದಳು ಒಮ್ಮೆ. "ನೀನು ಮಗಳು. ನಾನು ಕ್ಷಮೆ ಸಿಕ್ಕಿರೋ ಅಪರಾಧಿ."

ಹೀಗಾಗಿ, ಕ್ಯಾಮರಾ ಮುಂದೆ ಒಂದು ಸಲ ಹೇಳಿಬಿಟ್ಟರೆ ಅಮ್ಮ ನಂಬುತ್ತಾಳೆ ಅನ್ನುವ ಆಸೆಯಿಂದ ಚಿತ್ರಕ್ಕೆ ಒಪ್ಪಿದ್ದಳು. ಈಗ ಆ ಒಂದು ಮಾತೇ ಕತ್ತರಿಗೆ ಹೋಗಿತ್ತು. ಅಮ್ಮ ಇನ್ನೂ ಚಿತ್ರ ನೋಡಿರಲಿಲ್ಲ. ಆದರೆ ವಿಮರ್ಶೆಗಳನ್ನು ಪಕ್ಕದ ಕನ್ನಡಕದ ಅಂಗಡಿಯವರಿಂದ ಓದಿಸಿಕೊಂಡು ಕೇಳಿದ್ದಳು. ಆವತ್ತು ಸಂಜೆ ತಂಗಿಯ ತಟ್ಟೆಗೆ ಎರಡನೇ ತುಂಡು ಬ್ರೆಡ್ಡು ಇಡುತ್ತ, "ಸುಮ್ನಿದ್ದಿದ್ದೇ ಒಳ್ಳೇದಾಯ್ತು ಮಗಾ. ಮಾತು ಬೆಳ್ಳಿ, ಮೌನ ಬಂಗಾರ," ಅಂದಳು. ತಂಗಿ ನನ್ನನ್ನು ನೋಡಿದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಉದ್ದನೆ ಹುಡುಗಿ ಒಂದು ಮಧ್ಯಾಹ್ನ ಹೂಗುಚ್ಛ ಹಿಡಿದು ಬಂದಳು. ನಮ್ಮ ಊರಿನ ಸಭಾಂಗಣದಲ್ಲೇ ಚಿತ್ರ ತೋರಿಸುತ್ತಾರಂತೆ, ಆಮೇಲೆ ಚರ್ಚೆಯಂತೆ, ಗಡ್ಡದ ವಿಮರ್ಶಕರು ಸ್ವತಃ ನಡೆಸಿಕೊಡುತ್ತಾರಂತೆ. ನಾನು ಹೂವನ್ನು ಬಕೆಟ್ಟಿಗೆ ಹಾಕಿ ಜಗಳಕ್ಕೆ ನಿಂತೆ.

"ಉತ್ತರ ಯಾಕಮ್ಮ ತೆಗೆದೆ?"

"ಉತ್ತರ ಚಿಕ್ಕದಿತ್ತು ಆಂಟಿ. ಅಷ್ಟು ಹೊತ್ತಿನ ಮೌನ ಆದ್ಮೇಲೆ ಅದು ಸಪ್ಪೆ ಅನಿಸ್ತು. ಆ ಮೌನದಲ್ಲಿ ಎಷ್ಟು ನೋವಿತ್ತು..."

"ನೋವಲ್ಲ ತಾಯಿ, ಸೂಜಿ ಇತ್ತು!"

ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ತಂಗಿ ಮೇಜಿನ ಮೇಲಿನ ಡಬ್ಬಿಯಿಂದ ನಾಲ್ಕು ಗುಂಡುಸೂಜಿ ತೆಗೆದು ಬಲ ತುಟಿಯಲ್ಲಿ ಕಚ್ಚಿಕೊಂಡು, ಎಡಗೆನ್ನೆ ತೋರಿಸಿ, ಕಣ್ಣು ಕೆಳಗಿಳಿಸಿ ನಿಂತಳು. ಅದೇ ಮುಖ, ಅದೇ ಮಹಾಮೌನ! ಉದ್ದನೆ ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ನೋಡಿದರೆ ನಗುತ್ತಿದ್ದಾಳೆ. ನಕ್ಕು ಮುಗಿದ ಮೇಲೆ ಅತ್ತಳು ಕೂಡ.

"ಅಯ್ಯೋ, ನಾನೆಂಥ ಕೆಲಸ ಮಾಡ್ದೆ," ಅಂದಳು.

ತಂಗಿ ಸೂಜಿ ತೆಗೆದಿಟ್ಟು ಅವಳ ಭುಜ ಹಿಡಿದಳು. "ಅಳ್ಬೇಡ. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ನೀನೊಬ್ಳೇ. ಮಿಕ್ಕೋರಿಗೆಲ್ಲ ಉತ್ತರ ಮೊದ್ಲೇ ಗೊತ್ತಿತ್ತು. ಚಿತ್ರ ತೋರ್ಸೋ ದಿನ ಹಾಲ್‌ನಲ್ಲಿ ಅದನ್ನೇ ಇನ್ನೊಂದು ಸಲ ಕೇಳು. ಮೈಕಲ್ಲಿ. ಅಷ್ಟು ಮಾಡು ಸಾಕು."

ಅಮ್ಮನನ್ನು ಕರೆದವಳೂ ತಂಗಿಯೇ. ನಾನು ಕರೆದಿದ್ದರೆ ಮಂಡಿನೋವು ಅನ್ನುತ್ತಿದ್ದಳು. ತಂಗಿ ಕೇಳಿದ್ದಕ್ಕೆ, "ನೀನು ಕರೆದ್ಮೇಲೆ ಇಲ್ಲ ಅಂತೀನಾ ಮಗಾ," ಅಂದು ಒಳ್ಳೆ ಕೋಟು ತೆಗೆದು ಹಾಕಿಕೊಂಡಳು. ಕ್ಷಮೆಯಿಂದ ನಮಗೆ ಆದ ಒಂದೇ ಲಾಭ ಅದು.

ಸಭಾಂಗಣ ತುಂಬಿತ್ತು. ಅಮ್ಮನನ್ನು ನಾನು ಬೇಕೆಂದೇ ಸಾಲಿನ ನಡುವೆ ಕೂರಿಸಿದೆ. ಎದ್ದು ಹೋಗಬೇಕಾದರೆ ಎಂಟು ಜನರ ಮಂಡಿ ದಾಟಬೇಕು, ತುಳಿಯಲು ಹೊಲಿಗೆ ಯಂತ್ರವೂ ಇಲ್ಲ. ಚಿತ್ರ ಶುರುವಾಯಿತು. ಆ ಫೋಟೋ ತೆರೆಯ ತುಂಬ ಬಂದಾಗ ಅಮ್ಮ ಮುಖ ತಿರುಗಿಸಲಿಲ್ಲ. ಅದನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು. ಕತ್ತು ಮುಂದಕ್ಕೆ ಚಾಚಿ, ಹೊಲಿಗೆ ನೋಡುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಆ ಮೌನ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಅಮ್ಮನ ಕೈ ಕತ್ತಲಲ್ಲಿ ತಂಗಿಯ ತಲೆ ಹುಡುಕಿಕೊಂಡು ಹೋಯಿತು. ತಂಗಿ ಕಲ್ಲಿನ ಹಾಗೆ ಕೂತಿದ್ದಳು.

ದೀಪ ಹತ್ತಿತು. ಗಡ್ಡದವರು ಮೈಕು ಹಿಡಿದರು, ಮತ್ತೆ ಬಿಡಲಿಲ್ಲ. ಮೌನದ ಮೇಲೆ ಅವರು ಆಡಿದಷ್ಟು ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಉದ್ದನೆ ಹುಡುಗಿ ಪಕ್ಕದಲ್ಲಿ ನಿಂತು ಎರಡು ಸಲ ಕೈ ಚಾಚಿದಳು. ಅವರು ಅದನ್ನು ಮೆಚ್ಚುಗೆ ಅಂದುಕೊಂಡು ಕೈ ಕುಲುಕಿದರು. ಬಾಗಿಲ ಬಳಿ ಕಾವಲುಗಾರ ಬೀಗದ ಕೈ ಅಲ್ಲಾಡಿಸತೊಡಗಿದ. ಕಡೆಗೆ ಹುಡುಗಿ ಬರೀ ಬಾಯಿಯಲ್ಲೇ ಕೂಗಿ ಹೇಳಿದಳು, "ಸರ್, ಆ ಪ್ರಶ್ನೆ ಅವರಿಗೆ ಇನ್ನೊಂದು ಸಲ ಕೇಳೋಣ."

ಗಡ್ಡದವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಬೇಡಮ್ಮ. ಆ ಪವಿತ್ರ ಮೌನವನ್ನ ನಾವು ಮುರಿಯೋದು ಬೇಡ." ಸಭೆ ಚಪ್ಪಾಳೆ ತಟ್ಟಿತು. ಅಮ್ಮನೂ ತಟ್ಟಿದಳು.

ತಂಗಿಯ ಮುಖ ನೋಡಿದೆ. ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಮನೆಗೆ ಹೊರಡಲು. ನನಗೆ ಎಲ್ಲಿಂದ ಬಂತೋ ಆ ದನಿ.

"ರೀ ಸ್ವಾಮಿ! ಅವಳ ಬಾಯಲ್ಲಿ ಗುಂಡುಸೂಜಿ ಇತ್ತು ರೀ!"

ಸಭೆಯೆಲ್ಲ ನನ್ನ ಕಡೆ ತಿರುಗಿತು. ಎರಡು ಸಾಲು ಹಿಂದೆ ಮುಖ್ಯೋಪಾಧ್ಯಾಯಿನಿ ಎದ್ದು ನಿಂತರು. "ಹೌದು, ನಾನೇ ಸಾಕ್ಷಿ. ಅದು ನನ್ನ ಸ್ಕರ್ಟು. ಇವತ್ತು ಅದನ್ನೇ ಹಾಕ್ಕೊಂಡು ಬಂದಿದ್ದೀನಿ," ಎಂದು ಒಂದು ಸುತ್ತು ತಿರುಗಿ ತೋರಿಸಿದರು. ಮೊದಲು ಒಂದು ಮೂಲೆಯಲ್ಲಿ ನಗು ಎದ್ದಿತು, ಆಮೇಲೆ ಇಡೀ ಸಭೆ ನಕ್ಕಿತು. ಗಡ್ಡದವರು ಒಂದು ಕ್ಷಣ ಪೆಚ್ಚಾದರು. ಒಳ್ಳೆ ಮನುಷ್ಯ ಅಂತ ತಂಗಿ ಅಂದದ್ದು ಸುಳ್ಳಾಗಲಿಲ್ಲ. ಅವರೂ ಗಡ್ಡ ಅಲ್ಲಾಡುವ ಹಾಗೆ ನಕ್ಕರು. ವೇದಿಕೆ ಇಳಿದು ಬಂದು ನಮ್ಮ ಸಾಲಿನ ತುದಿಯಲ್ಲಿ ನಿಂತರು. ಮೈಕು ಎಂಟು ಕೈ ದಾಟಿ ತಂಗಿಗೆ ತಲುಪಿತು.

"ಕ್ಷಮಿಸಿ ತಾಯಿ," ಅಂದರು. "ಸಚಿವರನ್ನ ನೀವು ಪ್ರೀತಿಸಿದ್ರಾ?"

"ಇಲ್ಲ," ಅಂದಳು ತಂಗಿ. ಮೈಕಿನಲ್ಲಿ ತನ್ನದೇ ದನಿ ಕೇಳಿ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ಪ್ರೀತಿನೂ ಇಲ್ಲ, ಮಣ್ಣೂ ಇಲ್ಲ. ಆ ಮನುಷ್ಯ ಒಂದು ವಾಕ್ಯ ನೆಟ್ಟಗೆ ಮುಗಿಸ್ತಿರ್ಲಿಲ್ಲ, ಅದನ್ನ ಸರಿಮಾಡಿ ಟೈಪು ಮಾಡೋದ್ರಲ್ಲೇ ನನ್ನ ಜೀವ ಹೋಗ್ತಿತ್ತು."

"ಹಾಗಾದ್ರೆ ಆ ಫೋಟೋ?"

"ಗುಂಡಿ," ಅಂದಳು. "ಅವರು ಸಭೆಗೆ ಹೊರಟಿದ್ರು. ಕೋಟಿನ ಎದೆ ಗುಂಡಿ ಕಿತ್ಕೊಂಡು ಬಂತು. ಹೊಲಿಗೆಯವಳ ಮಗಳು ನಾನು, ಸೂಜಿದಾರ ಯಾವಾಗ್ಲೂ ಚೀಲದಲ್ಲಿರುತ್ತೆ. ಕೋಟು ಬಿಚ್ಚೋಕೆ ಪುರುಸೊತ್ತಿಲ್ಲ ಅಂದ್ರು. ಹಾಗೇ ನಿಲ್ಸಿ ಗುಂಡಿ ಹಾಕ್ದೆ. ಕತ್ತರಿ ಇರ್ಲಿಲ್ಲ. ಬಗ್ಗಿ ದಾರಾನ ಹಲ್ಲಲ್ಲಿ ಕಡಿದೆ. ಕಡಿಯೋ ಹೊತ್ತಿಗೆ ಬಾಗ್ಲಲ್ಲಿ ಕ್ಯಾಮರಾ ಫಳ್ ಅಂತು."

ಈ ಸಲ ಸಭೆಯಲ್ಲಿ ಬಿದ್ದದ್ದು ನಿಜವಾದ ಮೌನ. ನಾನು ಅಮ್ಮನನ್ನು ನೋಡಿದೆ. ಅಮ್ಮ ಖಾಲಿ ತೆರೆಯನ್ನೇ ದಿಟ್ಟಿಸುತ್ತಿದ್ದಳು, ಫೋಟೋ ಇನ್ನೂ ಅಲ್ಲೇ ಇದೆಯೇನೋ ಅನ್ನುವ ಹಾಗೆ. ಅವಳ ಹೆಬ್ಬೆರಳು ಮತ್ತು ತೋರುಬೆರಳು ಒಂದು ಗುಂಡಿಯನ್ನು ಬಟ್ಟೆಯಿಂದ ಎತ್ತಿ ಹಿಡಿದಂತೆ ಗಾಳಿಯಲ್ಲಿ ಕೂಡಿಕೊಂಡಿದ್ದವು. ಆಮೇಲೆ ಮುಂದಿನ ಕುರ್ಚಿ ಹಿಡಿದು ಎದ್ದು ನಿಂತಳು.

"ಹಲ್ಲಲ್ಲಿ ಕಡಿದ್ಯಾ?"

"ಹೂಂ ಅಮ್ಮ."

"ದಾರಾನ ಹಲ್ಲಲ್ಲಿ ಕಡಿದ್ಯಾ?" ಮೈಕು ತಂಗಿಯ ಕೈಯಲ್ಲಿತ್ತು, ಅಮ್ಮನಿಗೆ ಅದು ಬೇಕಾಗಿರಲಿಲ್ಲ. "ಎಷ್ಟು ಸಲ ಬಡ್ಕೊಂಡಿದ್ದೀನಿ! ಹಲ್ಲಲ್ಲಿ ಕಡೀಬೇಡ, ಕತ್ತರಿ ಜೊತೇಲಿಟ್ಕೋ ಅಂತ ಎಷ್ಟು ಸಲ! ಒಂದು ಸಣ್ಣ ಕತ್ತರಿ ಚೀಲದಲ್ಲಿ ಹಾಕ್ಕೊಳ್ಳೋಕೆ ಏನು ದಾಡಿ ಬಂದಿತ್ತು ನಿಂಗೆ? ಒಂದು ಸರ್ಕಾರಾನೇ ಬಿತ್ತಲ್ಲೇ ಕತ್ತೆ!"

ಕತ್ತೆ! ಮೂವತ್ತು ವರ್ಷ ನನ್ನೊಬ್ಬಳ ಸ್ವತ್ತಾಗಿದ್ದ ಆ ಮಾತು ತಂಗಿಯ ಮೇಲೆ ಬಿದ್ದದ್ದನ್ನು ಕೇಳಿ ನನ್ನ ಮೈ ಝುಂ ಅಂದಿತು. ತಂಗಿಯ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು.

"ನಗ್ತೀಯಾ? ಇಷ್ಟು ವರ್ಷ ಇರ್ಲಿ ಬಿಡು ಅಂದೆನಲ್ಲ, 'ಏನಿರ್ಲಿ? ನಾನೇನು ಮಾಡಿದ್ದೀನಿ?' ಅಂತ ನನ್ನ ಕೈ ಹಿಡಿದು ನಿಲ್ಸಿ ಕೇಳ್ಬಾರ್ದಿತ್ತಾ? ಮಾಡದೇ ಇರೋ ತಪ್ಪಿಗೆ ನನ್ನ ಕೈಲಿ ಕ್ಷಮೆ ಮಾಡಿಸ್ದೆಯಲ್ಲೇ!" ಅಮ್ಮನ ದನಿ ಅಲ್ಲಿಗೆ ಒಡೆಯಿತು. ಕುರ್ಚಿಯ ಮೇಲೆ ಕೂತು ತಂಗಿಯ ತೋಳಿಗೆ ಒಂದು ಏಟು ಹಾಕಿದಳು. ಹಾಕಿದ ಕೈಯನ್ನು ಅಲ್ಲೇ ಬಿಟ್ಟಳು, ತೆಗೆಯಲೇ ಇಲ್ಲ.

ಬಸ್ಸಿನಲ್ಲಿ ಮನೆ ಬರುವವರೆಗೂ ಬೈಗುಳ ನಿಲ್ಲಲಿಲ್ಲ. ಹಳೆಯ ಸೂಪಿನ ಉಪ್ಪು, ಸುಟ್ಟ ಅಂಗಿ, ಎಂದೋ ಕಳೆದ ಹೊಲಿಗೆಯ ಬೆರಳುಟೋಪಿ, ಎಲ್ಲ ಬಾಕಿಯನ್ನೂ ಅಮ್ಮ ಒಂದೇ ಸಂಜೆ ತೀರಿಸಿಕೊಂಡಳು. ತಂಗಿ ಕಿಟಕಿಯ ಪಕ್ಕ ಕೂತು ಒಂದೊಂದಕ್ಕೂ "ಹೂಂ ಅಮ್ಮ, ತಪ್ಪಾಯ್ತು," ಅಂದಳು. ಅವಳಷ್ಟು ಸುಖವಾಗಿ ಬೈಸಿಕೊಂಡವರನ್ನು ನಾನು ಕಂಡಿಲ್ಲ.

ಗಡ್ಡದವರು ಮುಂದಿನ ವಾರ ಇನ್ನೊಂದು ಅಂಕಣ ಬರೆದರು. ಈ ಚಿತ್ರದ ಅತ್ಯುತ್ತಮ ದೃಶ್ಯ ಚಿತ್ರದಲ್ಲಿಲ್ಲ, ತಾವು ಮೆಚ್ಚಿದ ಮೌನ ಗುಂಡುಸೂಜಿಯದು ಎಂದು ಒಪ್ಪಿಕೊಂಡು, ತಮ್ಮನ್ನೇ ಚೆನ್ನಾಗಿ ಗೇಲಿ ಮಾಡಿಕೊಂಡಿದ್ದರು. ಉದ್ದನೆ ಹುಡುಗಿ ಉತ್ತರವನ್ನು ಚಿತ್ರಕ್ಕೆ ವಾಪಸ್ಸು ಸೇರಿಸಿದಳು. ಸೇರಿಸಿದ ಮೇಲೆ ಚಿತ್ರ ಸ್ವಲ್ಪ ಸಪ್ಪೆಯಾಯಿತು ಎಂದು ವಾರಪತ್ರಿಕೆಯಾಕೆ ಬರೆದಳು. ಆಗಲಿ ಬಿಡಿ, ಎಲ್ಲರನ್ನೂ ಮೆಚ್ಚಿಸಲು ಯಾರಿಂದಾದೀತು?

ಅಮ್ಮ ತಂಗಿಗೆ ಒಂದು ಪುಟ್ಟ ಕತ್ತರಿ ತಂದು, ರಿಬ್ಬನ್ನು ಪೋಣಿಸಿ, ಕುತ್ತಿಗೆಗೆ ಹಾಕಿದ್ದಾಳೆ. ಸದಾ ಎದೆಯ ಮೇಲೇ ತೂಗುತ್ತಿರುತ್ತದೆ. ಆದರೂ ಗುಂಡಿ ಹಾಕಿ ಮುಗಿಸಿದಾಗ ತಂಗಿ ಒಮ್ಮೆ ಅಮ್ಮನ ಕಡೆ ಓರೆಗಣ್ಣಲ್ಲಿ ನೋಡುತ್ತಾಳೆ, ಅವಳು ಗಮನಿಸುತ್ತಿದ್ದಾಳೆ ಅಂತ ಖಚಿತವಾದ ಮೇಲೆ ಮೆಲ್ಲಗೆ ಬಗ್ಗಿ ದಾರವನ್ನು ಹಲ್ಲಿಗೆ ಕೊಡುತ್ತಾಳೆ.

"ಕತ್ತರಿ!" ಎಂದು ಅಮ್ಮ ಗದರುತ್ತಾಳೆ. "ಎಷ್ಟು ಸಲ ಹೇಳ್ಬೇಕು ಕತ್ತೆ, ನಿಂಗೆ?"

"ಇನ್ನೊಂದು ಸಲ ಹೇಳಮ್ಮ," ಅನ್ನುತ್ತಾಳೆ ತಂಗಿ.